ಹಿತ್ತಿಲ ಬಾಗಿಲ ದಾರಿ

ಮಂಗಳವಾರ ಬೆಳಿಗ್ಗೆ ಕಲ್ಲಿದ್ದಲ ಲಾರಿ ಬಂತು. ಆರನೇ ನಂಬರಿನ ಮನೆಯ ಮುಂದೆ ರಸ್ತೆಯಂಚಿಗೆ ಒಂದು ಲೋಡು ಸುರಿದು ಹೋಯಿತು. ಗಣಿಯವರು ತಮ್ಮ ಆಳುಗಳಿಗೆ ಒಲೆಗೆಂದು ಕೊಡುವ ಕಲ್ಲಿದ್ದಲು ಯಾವಾಗಲೂ ಹೀಗೇ. ಸುರಿಯುವುದಷ್ಟೇ ಅವರ ಕೆಲಸ. ಒಳಗೆ ಸಾಗಿಸುವುದು ಮನೆಯವರ ಪಾಡು.

ನೋರಾ ಟಾಸ್ಕರ್ ಸಲಿಕೆ ತಂದಳು. ಬಕೆಟ್ ತಂದಳು. ತುಂಬಿದಳು. ಎತ್ತಿದಳು. ಮುಂಬಾಗಿಲಿನಿಂದ ಒಳಗೆ ಹೋದಳು.

ಮುಂದಿನ ಕೋಣೆಯಲ್ಲಿ ಅವಳ ಗಂಡ ಸೆತ್ ಮಲಗಿದ್ದ. ಮೂವತ್ತೊಂದು ವರ್ಷ ಗಣಿಯ ಒಳಗೆ ದುಡಿದವನು. ಎದೆಗೂಡಿನ ತುಂಬ ಧೂಳು. ಮೆಟ್ಟಿಲು ಹತ್ತಲಾರ ಎಂದು ಮಂಚವನ್ನೇ ಕೆಳಗೆ ಇಳಿಸಿದ್ದರು. ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ. ಆ ಸಂದಿಯಲ್ಲಿ ನೋರಾ ಬಕೆಟ್ ಹಿಡಿದು ನುಸುಳಬೇಕು. ಅಡುಗೆಮನೆ ದಾಟಬೇಕು. ಹಿತ್ತಿಲಿನ ಕಲ್ಲಿದ್ದಲ ಗೂಡಿಗೆ ಸುರಿಯಬೇಕು. ಮತ್ತೆ ಬರಬೇಕು.

ಸೆತ್‌ನ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿದ್ದಳು. ಹೆಣಕ್ಕೆ ಹಾಕಿದ ಹಾಗೆ. ಎರಡು ಬಕೆಟ್ ಆಗುವಷ್ಟರಲ್ಲಿ ಬಟ್ಟೆ ಕಪ್ಪಾಯಿತು.

ಗೋಡೆಯ ಈಚೆ, ಪಕ್ಕದ ಎಂಟನೇ ನಂಬರಿನಲ್ಲಿ, ವಿನಿ ಹೆಪ್‌ವರ್ತ್ ನಿಂತಿದ್ದಳು. ಊರ ಕೌನ್ಸಿಲ್ ಬಾಡಿಗೆಗೆಂದು ಕಟ್ಟಿಸಿದ ಮನೆಗಳ ಗೋಡೆ ತೆಳು. ಕೆಮ್ಮು ಕೇಳುತ್ತಿತ್ತು. ಬಕೆಟ್ ಬಾಗಿಲಿಗೆ ತಗಲುವ ಸದ್ದು ಕೇಳುತ್ತಿತ್ತು. ಅವಳಿಗೆ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೊತ್ತಾಗಿತ್ತು. ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ನಿಂತೇ ಇದ್ದಳು.

ಆರು ವಾರದ ಹಿಂದಿನವರೆಗೆ ಹೀಗಿರಲಿಲ್ಲ. ಎಂಟನೇ ನಂಬರು ಸಾಲಿನ ಕೊನೆಯ ಮನೆ. ಅದರ ಪಕ್ಕದಿಂದ ಒಂದು ಕಲ್ಲುಹಾಸಿನ ದಾರಿ ಹೊರಟು, ಹಿಂದೆ ತಿರುಗಿ, ಆರನೇ ನಂಬರಿನ ಹಿತ್ತಿಲ ಗೋಡೆಯ ಬಾಗಿಲಿಗೆ ಹೋಗಿ ಮುಗಿಯುತ್ತಿತ್ತು. ಕಲ್ಲಿದ್ದಲನ್ನು ಒಂಟಿಚಕ್ರದ ಕೈಗಾಡಿಗೆ ತುಂಬಿ ಆ ದಾರಿಯಲ್ಲಿ ತಳ್ಳಿಕೊಂಡು ಹೋದರೆ ಆಯಿತು. ಕಸದ ಡಬ್ಬ ಹೊರಗೆ ಬರುತ್ತಿದ್ದದ್ದು ಅಲ್ಲಿಂದಲೇ. ಜನ ಬರುತ್ತಿದ್ದದ್ದೂ ಅಲ್ಲಿಂದಲೇ. ಸ್ಕೆಲ್‌ಥಾರ್ಪ್‌ ಎಂಬ ಆ ಗಣಿಯೂರಿನಲ್ಲಿ ಮುಂಬಾಗಿಲು ಇರುವುದು ಮೂವರಿಗೆ. ಡಾಕ್ಟರಿಗೆ, ಪೊಲೀಸಿಗೆ, ಹೆಣಕ್ಕೆ.

ಈಗ ಆ ದಾರಿಗೆ ಆಳೆತ್ತರದ ಹಲಗೆ ಗೇಟು. ಗೇಟಿಗೆ ಬೀಗ. ಬೀಗದ ಕೈ ವಿನಿಯ ಗಂಡ ಕ್ಲಿಫರ್ಡ್‌ನ ಜೇಬಿನಲ್ಲಿ.

*

ಎಲ್ಲ ಶುರುವಾದದ್ದು ಪೊರಕೆಯಿಂದ.

ಎರಡು ಮನೆಗೆ ಒಂದು ದಾರಿ, ಒಂದು ದಾರಿಗೆ ಒಂದು ಪೊರಕೆ. ಉದ್ದ ಹಿಡಿಯ ಒರಟು ಪೊರಕೆ. ಎರಡು ಹಿತ್ತಿಲ ಬಾಗಿಲುಗಳ ಪಕ್ಕದಲ್ಲೂ ಒಂದೊಂದು ಮೊಳೆ. ಒಂದು ವಾರ ಇವಳು ಗುಡಿಸಬೇಕು, ಒಂದು ವಾರ ಅವಳು. ಶನಿವಾರ ಗುಡಿಸಿ ಮುಗಿಸಿದವಳು ಪೊರಕೆಯನ್ನು ಇನ್ನೊಬ್ಬಳ ಮೊಳೆಗೆ ತೂಗುಹಾಕಿ ಬರಬೇಕು. ಮಾತಿಲ್ಲ, ಕರೆಯಿಲ್ಲ. ಮೊಳೆಯಲ್ಲಿ ಪೊರಕೆ ಕಂಡರೆ ನಿನ್ನ ಸರದಿ. ಹದಿನೇಳು ವರ್ಷ ಹಾಗೆ ನಡೆದಿತ್ತು.

ಸೆತ್ ಹಾಸಿಗೆ ಹಿಡಿದ ವರ್ಷ ವಿನಿ ಪೊರಕೆಯನ್ನು ಕೊಡಲಿಲ್ಲ. ಶನಿವಾರ ತನ್ನ ಮೊಳೆಗೇ ಹಾಕಿಕೊಂಡಳು.

"ಏನೇ, ನನ್ನ ಸರದಿ ನುಂಗಿದ್ಯಾ?" ಎಂದು ನೋರಾ ಕೇಳಿದ್ದಳು.

"ನಿನಗೆ ಒಳಗಿನ ಕೆಲಸ ಸಾಲದಾ? ಸುಮ್ನಿರು."

"ಋಣ ಹೊರಿಸ್ತಿದೀಯ ಕಣೆ ನನ್ನ ಮೇಲೆ."

"ಹೊರಿಸ್ತೀನಿ. ಮುದುಕಿ ಆದ್ಮೇಲೆ ನನ್ನನ್ನೂ ಸೇರಿಸಿ ಗುಡಿಸು."

ಇಬ್ಬರೂ ನಕ್ಕಿದ್ದರು. ಎರಡು ವರ್ಷ ವಿನಿಯೇ ಗುಡಿಸಿದಳು.

ಆಮೇಲೆ ಬಾಡಿಗೆದಾರರು ಕೌನ್ಸಿಲ್ ಮನೆಗಳನ್ನು ಕೊಂಡುಕೊಳ್ಳಬಹುದು ಎಂದು ಕಾನೂನು ಬಂತು. ಕ್ಲಿಫರ್ಡ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಾಯಂ ಕೆಲಸ. ಬ್ಯಾಂಕಿನವರು ಕೂರಿಸಿ ಮಾತಾಡಿಸಿದರು. ಸೆತ್‌ನಂಥವನಿಗೆ ಯಾವ ಬ್ಯಾಂಕೂ ಕುರ್ಚಿ ಕೊಡುವುದಿಲ್ಲ.

ಏಪ್ರಿಲ್‌ನಲ್ಲಿ ಕೌನ್ಸಿಲ್‌ನಿಂದ ಒಬ್ಬ ಅಳತೆ ಟೇಪು ಹಿಡಿದು ಬಂದ. ದಾರಿಯ ಮೇಲೆ ನಿಂತು ಕೇಳಿದ.

"ಇದನ್ನ ಯಾರು ನೋಡ್ಕೊಳ್ತಾರೆ?"

"ನಾನೇ," ಎಂದಳು ವಿನಿ. ಹೆಮ್ಮೆ ಅವಳಿಗೆ. "ವಾರ ವಾರ ಗುಡಿಸ್ತೀನಿ. ಒಂದು ಕಡ್ಡಿ ಬಿದ್ದಿದೆಯಾ ನೋಡಿ."

"ಬೇರೆ ಯಾರೂ ಇಲ್ವಾ?"

"ಎರಡು ವರ್ಷದಿಂದ ಬೇರೆ ಯಾರೂ ಇಲ್ಲ."

ಅವನು ಬರೆದುಕೊಂಡ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈ ದಾರಿಯಲ್ಲಿ ಯಾರು ನಡೆಯುತ್ತಾರೆ ಎಂದು ಅವನು ಕೇಳಲಿಲ್ಲ. ಇವಳು ಹೇಳಲಿಲ್ಲ.

ಜುಲೈನಲ್ಲಿ ನಕ್ಷೆ ಬಂತು. ಕೊಳ್ಳುವ ಜಾಗದ ಸುತ್ತ ಕೆಂಪು ಗೆರೆ ಎಳೆದಿತ್ತು. ವಿನಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನೋಡಿದಳು. ಕೆಂಪು ಗೆರೆ ಮನೆಯನ್ನು ಬಳಸಿ, ದಾರಿಯನ್ನೂ ಬಳಸಿ, ನೋರಾಳ ಹಿತ್ತಿಲ ಹೊಸ್ತಿಲಿಗೆ ಬಂದು ನಿಂತಿತ್ತು. ಹೊಸ್ತಿಲ ಆಚೆ ನೋರಾಳ ಗೇಣಗಲದ ಹಿತ್ತಿಲು. ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ.

"ಇದು ತಪ್ಪಾಗಿದೆ," ಎಂದಳು.

"ಏನು ತಪ್ಪು?"

"ದಾರಿನೂ ಸೇರಿಸಿದಾರೆ. ನೋರಾ ಎಲ್ಲಿಂದ ಓಡಾಡ್ತಾಳೆ?"

ಕ್ಲಿಫರ್ಡ್ ಟೀ ಕುಡಿಯುತ್ತಿದ್ದ. "ಹುಟ್ಟಿದಾಗಿಂದ ನೋಡಿದೀನಿ. ಸರ್ಕಾರ ಪ್ರತಿಸಲ ತಪ್ಪು ಮಾಡೋದೂ ನಮ್ಮಂಥವರ ತಲೆ ಮೇಲೇ. ಇದೊಂದು ಸಲ ನಮ್ಮ ಕಡೆಗೆ ಮಾಡಿದೆ. ನೀನು ಹೋಗಿ ತಿದ್ತೀಯಾ?"

ವಿನಿ ನಕ್ಕಳು. ಅದನ್ನು ಅವಳು ಮರೆಯಲಾರಳು. ಆಮೇಲೆ ಕ್ರಯದ ಕಾಗದಕ್ಕೆ ಸಹಿ ಹಾಕಿದ್ದನ್ನಾದರೂ ಮರೆತಾಳು. ನಕ್ಕದ್ದನ್ನು ಮರೆಯಲಾರಳು.

ಗಂಡನ ಬಲವಂತ ಎಂದು ಹೇಳಿಕೊಳ್ಳಲು ಬಾಯಿಲ್ಲ. ಅವಳಿಗೂ ಬೇಕಾಗಿತ್ತು. ಅವಳ ತಾಯಿ ಮಂಡಿಯೂರಿ ಊರಿನ ಮನೆಗಳ ನೆಲ ತಿಕ್ಕಿ ಸತ್ತವಳು. ಸಾಲಿನ ಬಾಗಿಲುಗಳೆಲ್ಲ ಕೌನ್ಸಿಲ್ ಬಳಿದ ಒಂದೇ ಹಸಿರು. ಸಹಿಯಾದ ವಾರವೇ ವಿನಿ ತನ್ನ ಬಾಗಿಲಿಗೆ ಕಡುಗೆಂಪು ಬಳಿದಳು. ತಾನೇ ಬಳಿದಳು. ಎರಡೆರಡು ಸಲ ಬಳಿದಳು.

ಅಕ್ಟೋಬರಿನಲ್ಲಿ ಗೇಟು ಬಂತು. ಅಲ್ಲಿ ಕಾರಿಗೆ ಗ್ಯಾರೇಜ್ ಕಟ್ಟುತ್ತೇನೆ ಎಂದ ಕ್ಲಿಫರ್ಡ್. ಕಾರು ಇನ್ನೂ ಕೊಂಡಿರಲಿಲ್ಲ.

ಅವತ್ತು ಮುಂಬಾಗಿಲು ಬಡಿದ ಸದ್ದಾಯಿತು. ಯಾರೋ ಸತ್ತರು ಎಂದುಕೊಂಡೇ ವಿನಿ ತೆರೆದಳು. ನೋರಾ.

"ಏನೇ, ಮುಂದಿಂದ ಬಂದೆ?" ಬಾಯಿತಪ್ಪಿ ಬಂದ ಮಾತು.

"ಹಿಂದೆ ಬೀಗ ಇದೆಯಲ್ಲ, ಒಡತಿ."

"ಒಳಗೆ ಬಾ."

"ಬೇಡ. ಕಾಲು ಮಣ್ಣಾಗಿದೆ. ನಿನ್ನ ಸ್ವಂತ ನೆಲ." ನೋರಾ ಕೆಂಪು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. "ಗಾಡಿ ಎಲ್ಲಿಂದ ತಳ್ಳಲಿ ಹೇಳು. ಕಸದ ಡಬ್ಬ ಎಲ್ಲಿಂದ ಎಳೀಲಿ? ಅವನ ಮಂಚದ ಪಕ್ಕದಿಂದಾನಾ?"

"ಕ್ಲಿಫ್ ಹತ್ರ ಮಾತಾಡ್ತೀನಿ."

"ಮಾತಾಡು. ಕಾಗದದ ಮೇಲೆ ಅವನೊಬ್ಬನದೇ ಸಹಿನಾ?"

 ನೋರಾ ಉತ್ತರಕ್ಕೆ ಒಂದಷ್ಟು ಹೊತ್ತು ಕಾದು, ಹೋದಳು.

ವಿನಿ ಒಂದು ಸಲ ಮಾತಾಡಿದಳು. "ಅವರೂ ಕೊಂಡ್ಕೊಳ್ಳಲಿ, ಯಾರು ಬೇಡ ಅಂದ್ರು?" ಎಂದ ಕ್ಲಿಫರ್ಡ್. ಅವಳು ಎರಡನೇ ಸಲ ಮಾತಾಡಲಿಲ್ಲ.

ಗೇಟು ಬಂದ ಮೇಲೆ ಅವಳು ದಾರಿಯನ್ನು ಗುಡಿಸಲೂ ಇಲ್ಲ. ಎರಡು ಮನೆಯದಾಗಿದ್ದಾಗ ಗುಡಿಸುತ್ತಿದ್ದಳು. ತನ್ನದಾದ ಮೇಲೆ ಕೈ ಏಳಲಿಲ್ಲ. ಎಲೆ ಬಿದ್ದು ಕೊಳೆಯಿತು.

*

ನೋರಾ ಕೌನ್ಸಿಲ್ ಕಚೇರಿಗೆ ಮೂರು ಸಲ ಹೋದಳು. ಒಂದು ಸಲ ಕಿಟಕಿ ಮುಚ್ಚಿದರು. ಒಂದು ಸಲ ಬೇರೆ ಕಿಟಕಿಗೆ ಕಳಿಸಿದರು. ಮೂರನೇ ಸಲ ಅವಳು ಕಪ್ಪು ಬಟ್ಟೆಯನ್ನು, ಸೆತ್‌ನ ಮುಖದ ಮೇಲೆ ಹಾಕಿದ್ದನ್ನು, ಕಿಟಕಿಯೊಳಗೆ ತೂರಿಸಿ ಬಂದಳು. ಡಿಸೆಂಬರ್ ಮೊದಲ ವಾರ ಒಬ್ಬ ಅಧಿಕಾರಿ ಬಂದ. ಒಳ್ಳೆಯ ಕೋಟು. ಒಳ್ಳೆಯ ಬೂಟು. ಕ್ಲಿಫರ್ಡ್ ಗೇಟು ತೆಗೆದ. ಅಧಿಕಾರಿ ಕೊಳೆತ ಎಲೆಗಳ ಮೇಲೆ ಹುಷಾರಾಗಿ ನಡೆದ. ದಾರಿಯ ಆ ತುದಿಯಲ್ಲಿ, ತನ್ನ ಹೊಸ್ತಿಲ ಮೇಲೆ, ನೋರಾ ಕೈಕಟ್ಟಿ ನಿಂತಿದ್ದಳು. ಕೈಯ ಗೆರೆಗಳಲ್ಲಿ ಕಪ್ಪು ಕೂತಿತ್ತು.

ಅಧಿಕಾರಿ ಅವಳಿಗೆ ಬೆನ್ನು ಹಾಕಿ ವಿನಿಯನ್ನು ಮಾತಾಡಿಸಿದ. "ಬಾಡಿಗೆದಾರರದು ಒಂದು ತಕರಾರು ಬಂದಿದೆ."

"ಬಾಡಿಗೆದಾರಳು ಇಲ್ಲೇ ನಿಂತಿದಾಳೆ," ಎಂದಳು ನೋರಾ. "ಕಿವಿನೂ ಇದೆ ಅವಳಿಗೆ."

ಅವನು ತಿರುಗಿದ. "ನಿಮಗೆ ಮುಂಬಾಗಿಲಿದೆಯಲ್ಲ ಅಮ್ಮಾ."

"ಮುಂಬಾಗಿಲ ಒಳಗೆ ನನ್ನ ಗಂಡ ಇದಾನೆ. ಎದೇಲಿ ಧೂಳು ತುಂಬಿದೆ. ಅದರ ಮೇಲೆ ನಾನೇ ಇನ್ನಷ್ಟು ಹೊತ್ತು ಹಾಕ್ತಿದೀನಿ."

"ಹಾಗಿದ್ರೆ ಮುಂದೆ ರಸ್ತೆ ಕಡೆಗೆ ಒಂದು ಕಲ್ಲಿದ್ದಲ ಪೆಟ್ಟಿಗೆ..." ಎನ್ನುತ್ತ ಅವನೇ ನಿಲ್ಲಿಸಿದ. "ಇಲ್ಲ. ಕೌನ್ಸಿಲ್ ಮನೆಗಳ ಮುಂದೆ ಪೆಟ್ಟಿಗೆ ಇಡೋ ಹಾಗಿಲ್ಲ. ನಿಯಮ."

"ಇವರು ಇಡಬಹುದಾ?"

"ಇವರದು ಸ್ವಂತ ಮನೆ."

"ಹತ್ತೊಂಬತ್ತು ವರ್ಷ ಬಾಡಿಗೆ ಕೊಟ್ಟಿದೀನಿ. ಈ ಕಲ್ಲು ಹಾಸಿದ್ದು ಯಾರ ದುಡ್ಡಲ್ಲಿ?"

"ಬಾಡಿಗೆ ಬೇರೆ, ಹಕ್ಕು ಬೇರೆ ಅಮ್ಮಾ."

ನೋರಾ ಅವನನ್ನು ಬಿಟ್ಟು ವಿನಿಯ ಕಡೆ ನೋಡಿದಳು. "ಪೊರಕೆ ಯಾರದು ಅಂತ ಅವಳನ್ನ ಕೇಳಿ. ಒಂದೇ ಮಾತು. ಕೇಳಿ."

ಅಧಿಕಾರಿ ಕೇಳಲಿಲ್ಲ. ಕ್ಲಿಫರ್ಡ್ ಕೆಮ್ಮಿದ. ಹೇಳಬಹುದಾಗಿದ್ದವಳು ಒಬ್ಬಳೇ. ವಿನಿ ಎಲೆಗಳನ್ನು ನೋಡುತ್ತ ನಿಂತಳು.

ಅಧಿಕಾರಿ ಒಂದು ಕಾಗದ ಕೊಟ್ಟು ಹೋದ. ಈ ದಾರಿಯನ್ನು ಮೊದಲಿನಿಂದ ನಾವಷ್ಟೇ ಬಳಸಿದ್ದೇವೆ, ನಾವಷ್ಟೇ ನೋಡಿಕೊಂಡಿದ್ದೇವೆ ಎಂದು ಬರೆದಿತ್ತು. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರೆ ತಕರಾರು ಅಲ್ಲಿಗೆ ಮುಗಿಯಿತು. ಕ್ಲಿಫರ್ಡ್ ನಿಂತಲ್ಲೇ ಹಾಕಿದ. ವಿನಿ ಕಾಗದವನ್ನು ಗಡಿಯಾರದ ಹಿಂದೆ ಸಿಕ್ಕಿಸಿದಳು. ಹಾಕುತ್ತೇನೆ ಎನ್ನಲಿಲ್ಲ. ಹಾಕುವುದಿಲ್ಲ ಎನ್ನಲಿಲ್ಲ.

ಆ ಭಾನುವಾರ ಬಾರ್ಲಿ ಸಾರು ತೆಗೆದುಕೊಂಡು ಆರನೇ ನಂಬರಿಗೆ ಹೋದಳು. ನೋರಾ ಪಾತ್ರೆ ಇಸಿದುಕೊಂಡು ಅಡುಗೆಮನೆಗೆ ಹೋದಳು. ವಿನಿ ಮಂಚದ ಹತ್ತಿರ ನಿಂತಳು. ದಿಂಬಿನ ಮೇಲೆ, ಸೆತ್‌ನ ತಲೆಯ ಸುತ್ತ, ಬೂದು ಗೆರೆ. ತೊಳೆದರೂ ಹೋಗದ್ದು.

"ಬಂದ್ಯಾ ತಾಯಿ," ಎಂದ ಸೆತ್. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕು. "ನೋಡಿದ್ಯಾ ನನ್ನ ಗತ್ತು? ಮೂವತ್ತೊಂದು ವರ್ಷ ನಾನೇ ಅದನ್ನ ಹುಡುಕ್ಕೊಂಡು ಕೆಳಗಿಳೀತಿದ್ದೆ. ಈಗ ಅದೇ ನನ್ನ ನೋಡೋಕೆ ಮನೆಗೆ ಬರ್ತಿದೆ."

ವಿನಿಗೆ ನಗಲಾಗಲಿಲ್ಲ.

"ನಿನ್ನ ಪೊರಕೆ ಸದ್ದು ಕೇಳ್ತಿತ್ತು. ಓ, ಶನಿವಾರ ಅಂತ ಗೊತ್ತಾಗ್ತಿತ್ತು. ಈಗ ಯಾವ ವಾರ ಅಂತಾನೇ ತಿಳಿಯಲ್ಲ ಕಣಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಕೈ ಚಾಚಿದ. ಅವಳು ಹಿಡಿಯದೆ ಬಂದುಬಿಟ್ಟಳು.

ಕಾಗದ ಗಡಿಯಾರದ ಹಿಂದೆಯೇ ಇತ್ತು. ನಾಳೆ ಕಚೇರಿಗೆ ಹೋಗಿ ನಿಜ ಹೇಳುತ್ತೇನೆ ಎಂದುಕೊಂಡಳು. ಒಂದು ವಾರವಿಡೀ ಹಾಗೇ ಎಂದುಕೊಂಡಳು. ಎರಡನೇ ವಾರದ ಗುರುವಾರ ಗೋಡೆಯಾಚೆಯ ಕೆಮ್ಮು ನಿಂತಿತು.

"ಡಾಕ್ಟರೇ ಹೇಳಿದ್ರಲ್ಲ, ಈ ಚಳಿಗಾಲ ದಾಟಲ್ಲ ಅಂತ," ಎಂದ ಕ್ಲಿಫರ್ಡ್. "ಎಷ್ಟೋ ವರ್ಷದ ಧೂಳು ಅದು. ನಮ್ಮ ಗೇಟಿಂದ ಆಗಿದ್ದಲ್ಲ."

ವಿನಿ ಗೋಡೆಗೆ ಕಿವಿಗೊಟ್ಟು ನಿಂತಿದ್ದಳು. ಏನೂ ಕೇಳಲಿಲ್ಲ.

ಹೆಣ ಮುಂಬಾಗಿಲಿನಿಂದ ಹೋಯಿತು. ಇಡೀ ಸಾಲು ಬಂದಿತ್ತು. ಮಣ್ಣು ಮಾಡಿ ಬಂದ ಮೇಲೆ ನೋರಾ ಎಲ್ಲರಿಗೂ ಟೀ ಕೊಟ್ಟಳು. ಬ್ರೆಡ್ಡು, ಹಂದಿಮಾಂಸ ಕೊಟ್ಟಳು. ವಿನಿಗೂ ಕೊಟ್ಟಳು. ತಟ್ಟೆ ಹಿಡಿದು, "ತಗೊಳ್ಳಿ," ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬಹುವಚನ.

*

ಮಾರನೇ ದಿನ ವಿನಿ ಶಾಲೆಯ ಕೆಲಸಕ್ಕೆ ಹೋಗಲಿಲ್ಲ. ಗಡಿಯಾರದ ಹಿಂದಿನ ಕಾಗದ ತೆಗೆದುಕೊಂಡು ಕೌನ್ಸಿಲ್ ಕಚೇರಿಗೆ ಹೋದಳು. ಅದೇ ಒಳ್ಳೆಯ ಕೋಟಿನವನು ಕಿಟಕಿಗೆ ಬಂದ.

"ನಿಮ್ಮ ಸಹಿ ಇಲ್ಲವಲ್ಲ ಇದರಲ್ಲಿ."

"ಹಾಕಲ್ಲ."

"ಅಂದ್ರೆ?"

"ಅಂದ್ರೆ ಹಾಕಲ್ಲ. ಇದು ಸುಳ್ಳು."

ಅವನು ಕಡತ ತಿರುವಿದ. ಬೆರಳಿಟ್ಟು ಓದಿದ. "ಏಪ್ರಿಲ್‌ನಲ್ಲಿ ನೀವೇ ಹೇಳಿದೀರಿ. ನಾನೇ ನೋಡ್ಕೊಳ್ತೀನಿ, ಬೇರೆ ಯಾರೂ ಇಲ್ಲ ಅಂತ."

"ಗುಡಿಸೋಳು ನಾನು ಅಂದೆ. ನಡೆಯೋಳು ನಾನೊಬ್ಬಳೇ ಅನ್ನಲಿಲ್ಲ. ಅವಳ ಗಂಡ ಸಾಯ್ತಿದ್ದ, ಅದಕ್ಕೆ ಅವಳ ಸರದಿನೂ ನಾನು ಗುಡಿಸ್ದೆ. ಅದನ್ನ ಹಿಡ್ಕೊಂಡು ನೀವು ದಾರಿನೇ ನನ್ನ ಹೆಸರಿಗೆ ಬರೆದ್ರಿ. ಯಾರು ನಡೀತಾರೆ ಅಂತ ನೀವು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ. ಎರಡನ್ನೂ ಬರ್ಕೊಳ್ಳಿ."

ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಚಾಚಿದರು.

"ನಿಧಾನವಾಗಿ ಯೋಚನೆ ಮಾಡಿ," ಎಂದ ಅವನು, ದನಿ ತಗ್ಗಿಸಿ. "ನೀವು ಹಾಗೆ ಬರೆದುಕೊಟ್ರೆ ಆರನೇ ನಂಬರಿಗೆ ಓಡಾಡೋ ಹಕ್ಕು ಕೊಡಬೇಕಾಗುತ್ತೆ. ಗ್ಯಾರೇಜ್ ಬರಲ್ಲ. ನಾಳೆ ಮಾರೋಕೆ ಹೋದ್ರೆ ಬೆಲೆ ಬರಲ್ಲ."

"ಬರದಿದ್ರೆ ಬೇಡ."

"ನಿಮ್ಮ ಯಜಮಾನ್ರು ಒಪ್ಪಬೇಕಲ್ಲ?"

"ಮನೆ ಇಬ್ಬರದು, ಸಹಿ ಇಬ್ಬರದೂ ಬೇಕು ಅಂತ ನೀವೇ ಅಂದಿದ್ದು. ಅವನದಿದೆ, ನನ್ನದಿಲ್ಲ. ಪೆನ್ನು ಕೊಡಿ."

ಅಲ್ಲೇ ಕಿಟಕಿಯ ಹಲಗೆಯ ಮೇಲೆ ಬರೆದಳು. ಅಕ್ಷರ ಸೊಟ್ಟ. ಪೊರಕೆ, ಎರಡು ಮೊಳೆ, ಕಲ್ಲಿದ್ದಲು, ಮಂಚ. ಎಲ್ಲ ಬರೆದಳು. ನಕ್ಕದ್ದನ್ನು ಬರೆಯಲಿಲ್ಲ. ಅದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.

ಮನೆಗೆ ಬಂದು ಕ್ಲಿಫರ್ಡ್‌ನಿಗೆ ಹೇಳಿದಳು. ಅವನು ಕಿರುಚಲಿಲ್ಲ. "ನಿನ್ನ ಮನೆಗೆ ನೀನೇ ಕಲ್ಲು ಹಾಕ್ದೆ," ಎಂದ.

"ಬೀಗದ ಕೈ ಕೊಡು."

"ಕೊಡಲ್ಲ."

ಅವಳು ಕಲ್ಲಿದ್ದಲು ಒಡೆಯುವ ಸುತ್ತಿಗೆ ತೆಗೆದುಕೊಂಡು ಹೊರಗೆ ಹೋದಳು. ಮೊದಲ ಏಟು ಬೆರಳಿಗೆ ಬಿತ್ತು. ಉಗುರಿನ ಕೆಳಗೆ ರಕ್ತ ಕಟ್ಟಿತು. ಎರಡನೆಯದು ಬೀಗಕ್ಕೆ. ಮೂರನೆಯದು, ನಾಲ್ಕನೆಯದು. ಎದುರು ಸಾಲಿನ ಮುದುಕ ಆಲ್ಫ್ ಕಿಟಕಿ ತೆರೆದ.

"ಏನಮ್ಮಾ ವಿನೀ, ಬೀಗದ ಕೈ ಕಳಕೊಂಡ್ಯಾ?"

"ಇಲ್ಲ ಆಲ್ಫಣ್ಣಾ, ಈಗ ಸಿಕ್ತು," ಎಂದು ಇನ್ನೊಂದು ಏಟು ಹಾಕಿದಳು.

ಬೀಗ ಬಿತ್ತು. ಗೇಟನ್ನು ತಿರುಗಣಿಯಿಂದ ಎತ್ತಿ, ಎಳೆದು, ರಸ್ತೆಗೆ ಹಾಕಿದಳು. ಕ್ಲಿಫರ್ಡ್ ಕೆಂಪು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಂದು ತಡೆಯಲಿಲ್ಲ. ಬಂದು ಕೈಹಾಕಲೂ ಇಲ್ಲ.

*

ಜನವರಿಯಲ್ಲಿ ಲಾರಿ ಬಂತು. ವಿಧವೆಗೆ ಗಣಿಯವರು ಕೊಡುವುದು ಕಡಿಮೆ. ರಾಶಿ ಚಿಕ್ಕದಾಗಿತ್ತು.

ವಿನಿ ಕೈಗಾಡಿ ಹಿಡಿದು ಕಾಯುತ್ತಿದ್ದಳು. ದಾರಿಯ ಕೊಳೆತ ಎಲೆಯನ್ನೆಲ್ಲ ಬೆಳಿಗ್ಗೆಯೇ ಕೆರೆದು ತೆಗೆದಿದ್ದಳು. ನೋರಾ ಸಲಿಕೆ, ಬಕೆಟ್ ತಂದಳು. ತುಂಬತೊಡಗಿದಳು.

"ಗೇಟು ಕಿತ್ತಿದೀನಿ ನೋರಾ."

"ನೋಡಿದೆ."

"ಕಾಗದದಲ್ಲೂ ಬರೆದುಕೊಟ್ಟಿದೀನಿ. ಆರನೇ ನಂಬರಿಗೆ ದಾರಿ ಯಾವತ್ತೂ ಇರುತ್ತೆ. ಯಾರೂ ಮುಚ್ಚೋ ಹಾಗಿಲ್ಲ."

"ಒಳ್ಳೇದಾಯ್ತು. ಮುಂದೆ ಬರೋರಿಗೆ ಆಗುತ್ತೆ."

ನೋರಾ ಬಕೆಟ್ ಎತ್ತಿದಳು. ಮುಂಬಾಗಿಲ ಕಡೆ ತಿರುಗಿದಳು.

"ಮತ್ತೆ ಯಾಕೆ ಆ ಕಡೆಯಿಂದ?" ವಿನಿ ಕೈಗಾಡಿಯನ್ನು ಮುಂದಕ್ಕೆ ತಳ್ಳಿದಳು. "ದಾರಿ ಇದೆಯಲ್ಲೇ."

"ಈ ಕಡೆ ಈಗ ಏನೂ ತೊಂದರೆ ಇಲ್ಲ," ಎಂದಳು ನೋರಾ. "ಮಂಚ ತೆಗೆಸಿದೀನಿ. ಬೇಕಾದಷ್ಟು ಜಾಗ."

ಒಳಗೆ ಹೋದಳು.

ವಿನಿ ಒಂದು ಕ್ಷಣ ನಿಂತಳು. ಆಮೇಲೆ ಅದೇ ರಾಶಿಗೆ ಸಲಿಕೆ ಹಾಕಿದಳು. ಗಾಡಿ ತುಂಬಿದಳು. ದಾರಿಯಲ್ಲಿ ತಳ್ಳಿಕೊಂಡು ಹೋಗಿ ನೋರಾಳ ಗೂಡಿಗೆ ಸುರಿದಳು. ನೋರಾ ತಡೆಯಲಿಲ್ಲ. ಬಾ ಎನ್ನಲೂ ಇಲ್ಲ. ಒಂದು ರಾಶಿ. ಒಬ್ಬಳು ಮುಂದಿನಿಂದ, ಒಬ್ಬಳು ಹಿಂದಿನಿಂದ. ಗೂಡಿನ ಹತ್ತಿರ ಎರಡು ಸಲ ಎದುರಾದರು. ಎರಡು ಸಲವೂ ನೋರಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ರಾಶಿ ಮುಗಿಯಿತು. ನೋರಾ ಒಳಗೆ ಹೋಗಿ ಹಿತ್ತಿಲ ಬಾಗಿಲು ಹಾಕಿಕೊಂಡಳು.

ವಿನಿಯ ಸೊಂಟ ಹಿಡಿದಿತ್ತು. ಅಂಗೈ ಬೊಬ್ಬೆ ಒಡೆದಿತ್ತು. ಪೊರಕೆ ತಂದು ದಾರಿಯಲ್ಲಿ ಬಿದ್ದ ಕರಿಪುಡಿಯನ್ನು ಗುಡಿಸಿದಳು. ರಸ್ತೆಯಿಂದ ನೋರಾಳ ಹೊಸ್ತಿಲವರೆಗೆ ಗುಡಿಸಿದಳು. ಅಂದು ಶನಿವಾರ.

ಎರಡು ವರ್ಷ ತನ್ನಲ್ಲೇ ಇಟ್ಟುಕೊಂಡದ್ದನ್ನು ಕೊಟ್ಟುಬಿಡೋಣ ಎಂದು ಪೊರಕೆಯನ್ನು ನೋರಾಳ ಗೋಡೆಗೆ ಎತ್ತಿದಳು.

ಮೊಳೆ ಇರಲಿಲ್ಲ. ಯಾರೋ ಕಿತ್ತಿದ್ದರು. ಇಟ್ಟಿಗೆಯಲ್ಲಿ ತೂತು ಮಾತ್ರ ಉಳಿದಿತ್ತು. ತೂತಿನ ಸುತ್ತ ಹೊಸ ಕೆಂಪು ಪುಡಿ.

ಅವಳು ಪೊರಕೆ ಎತ್ತಿ ಹಿಡಿದೇ ನಿಂತಳು.